ಕೋಸಿನ ದಿಂಡು

ಗೆನೊವೆಫಾ ಅತ್ತೆ,
ನಿನ್ನ ಎಲೆಕೋಸಿಗೆ ಕೊಯ್ಯುವ ತನಕ ವಾಸನೆಯಿಲ್ಲ.
ಒಂದು ಕೋಣೆಯಲ್ಲಿ ಗಂಧಕದ ಗಂಟು,
ಪಕ್ಕದ ಕೋಣೆಯಲ್ಲಿ ಅದನ್ನು ಬಿಚ್ಚುವ ಕಿಣ್ವ,
ನಡುವೆ ಗೋಡೆ. ಒಂದೇ ಎಲೆಯಲ್ಲಿ ಎರಡು ಸಂಸಾರ,
ಮಾತಿಲ್ಲ ಕತೆಯಿಲ್ಲ.
ಹುಳು ಕಚ್ಚಿದರೆ, ಚಾಕು ತಾಗಿದರೆ
ಗೋಡೆ ಬೀಳುತ್ತದೆ. ಆಗ ಘಾಟು.
ಸಾಸಿವೆಯ ಒಡಹುಟ್ಟು ಅಲ್ಲವೇ, ಮೂಗಿಗೇ ಏರುತ್ತದೆ.

ಲುಬ್ಲಿನ್ನಿನ ನಮ್ಮ ಪ್ರಯೋಗಾಲಯದಲ್ಲಿ
ಆ ಘಾಟಿಗೆ ಉದ್ದುದ್ದ ಹೆಸರು: ಸಲ್ಫೊರಫೇನ್, ಇಂಡೋಲ್.
ಸೀಸೆಯಲ್ಲಿ ಬಂದು ಮೈನಸ್ ಇಪ್ಪತ್ತರ ಪೆಟ್ಟಿಗೆಯಲ್ಲಿ ಮಲಗುತ್ತವೆ.
ಗಾಜಿನ ತಟ್ಟೆಯಲ್ಲಿ ಯಾರದೋ ಮೊಲೆಯ ಜೀವಕೋಶಗಳು.
ಆಕೆ ತೀರಿಕೊಂಡು ಎಷ್ಟೋ ಕಾಲವಾಗಿದೆ,
ಅವು ಮಾತ್ರ ಸಾಯಲು ಮರೆತಿವೆ.
ಒಂದು ಹನಿ ಬಿಡುತ್ತೇನೆ.
ನಲವತ್ತೆಂಟು ಗಂಟೆಗೆ ಅವಕ್ಕೆ ಸಾವು ನೆನಪಾಗುತ್ತದೆ,
ಸುಕ್ಕುತ್ತವೆ, ತಳ ಬಿಟ್ಟು ತೇಲುತ್ತವೆ.
ನಾನು ಎಣಿಸುತ್ತೇನೆ.

ಇದನ್ನು ಹೇಳಿದ ದಿನ ನೀನು ಪೀಪಾಯಿಯೊಳಗೆ ನಿಂತಿದ್ದೆ,
ಮೊಳಕಾಲಿಗೆ ಎತ್ತಿ ಸಿಕ್ಕಿಸಿದ ಲಂಗ,
ಹೆಚ್ಚಿದ ಕೋಸನ್ನು ಉಪ್ಪಿನ ಜೊತೆ ತುಳಿಯುತ್ತ.
"ತಟ್ಟೆಗೆ ಉಪ್ಪು ಸುರಿದರೂ ಸಾಯುತ್ತವೆ ಕಣೇ,
ವೋಡ್ಕಾ ಹಾಕಿ ನೋಡು" ಎಂದು ನಕ್ಕೆ.
ನಮ್ಮ ಪ್ರೊಫೆಸರಿಗೂ ಅದಕ್ಕೆ ಉತ್ತರ ಹೊಳೆಯಲಿಲ್ಲ.
ತಟ್ಟೆಗೆ ಹೊಟ್ಟೆಯಿಲ್ಲ, ಪಿತ್ತಕೋಶವಿಲ್ಲ,
ಅರುವತ್ತು ವರ್ಷ ತಿಂದದ್ದರ ಲೆಕ್ಕವಿಲ್ಲ.

ಅರುವತ್ತು ವರ್ಷ ತಿಂದವಳು ನೀನು:
ಹಸಿ, ಹುಳಿ, ಸೂಪು, ಹಂದಿಕೊಬ್ಬಿನಲ್ಲಿ ಬೆಂದದ್ದು.
ಆದರೂ ಎಡಗಡೆ ಕೈಗೆ ಸಿಕ್ಕಿತು,
ಸಾಸಿವೆ ಕಾಳಲ್ಲ, ಬಟಾಣಿ.

ನೆರೆಮನೆಯ ಜೆನೋಬಿಯಾ ಪತ್ರಿಕೆಯ ಚೂರು ತಂದಳು,
ಕೋಸಿನ ರಸ, ದಿನಕ್ಕೆ ಮೂರು ಲೋಟ, ಆಸ್ಪತ್ರೆ ಬೇಡವಂತೆ.
ನೀನು ನನ್ನ ಮುಖ ನೋಡಿದೆ.
ಹೌದೆನ್ನಲು ಬೇಕಾದಷ್ಟು ಕಾಗದ ನನ್ನ ಮೇಜಿನ ಮೇಲಿತ್ತು.
ಇಲ್ಲ ಅಂದೆ.
ನಿನಗೆ ಕೋಟು ತೊಡಿಸಿದೆ,
ಗುರುವಾರದ ಬಸ್ಸು ಹಿಡಿದೆವು.

ಕೆಂಪು ಔಷಧಿ ನರಕ್ಕಿಳಿದ ಮೂರನೆಯ ವಾರ
ನಿನಗೆ ಕೋಸು ಬೇಯುವ ವಾಸನೆಯೇ ಆಗದೆ ಹೋಯಿತು.
ಕೆಳಗಿನವರು ಒಲೆ ಹಚ್ಚಿದರೆ ಸಾಕು, ಬಚ್ಚಲಿಗೆ ಓಡುತ್ತಿದ್ದೆ.
ಕಿಟಕಿ ತೆರೆದರೆ ಹಿಮ ಒಳಗೆ ಬರುತ್ತಿತ್ತು.
ನೆಲಮಾಳಿಗೆಯಲ್ಲಿ ಪೀಪಾಯಿ ತನ್ನಷ್ಟಕ್ಕೆ ಗುಳುಗುಳು,
ಹಲಗೆಯ ಮೇಲಿನ ಕಲ್ಲು ಓರೆಯಾಗಿ.

ನಿನ್ನೆ, ಫೆಬ್ರವರಿಯ ಕೊನೆಗೆ, ಕೇಳಿದೆ:
"ದಿಂಡು ಇದೆಯಾ? ಹಸೀದು, ಬೇಯಿಸಿದ್ದು ಬೇಡ."
ತುಳಿಯುವವರ ಮಕ್ಕಳಿಗೆ ಸಿಗುತ್ತಿದ್ದ ಪಾಲು ಅದು,
ನಿನಗೂ ಸಿಕ್ಕಿತ್ತು, ನನಗೂ.
ಸಿಪ್ಪೆ ಹೆರೆದು ಒಂದು ಚೂರು ಕೊಟ್ಟೆ.
ಕಟಕ್.
ನಿನ್ನ ಬಾಯೊಳಗೆ ಗೋಡೆ ಬಿತ್ತು,
ಎರಡು ಸಂಸಾರ ಒಂದಾದವು,
ಕಣ್ಣಲ್ಲಿ ನೀರು, ಘಾಟಿಗೇ ಇರಬೇಕು.
ನನಗೆ ಎಣಿಸಲು ಏನೂ ಇರಲಿಲ್ಲ.
ನೀನು ಅಂಗೈ ಚಾಚಿದೆ:
"ಇನ್ನೊಂದು. ಈ ಸಲ ಉಪ್ಪು ಹಚ್ಚು."