ಹಿಂದಿನಿಂದ ನೂಕುವ ಬಂಡಿ

ಐವತ್ತಮೂರು ವರ್ಷ ಕೂಗನ್ನಷ್ಟೇ ಕೇಳಿದ್ದೆ.
ಸಿರುಮುಗೈಯ ನಮ್ಮ ಮಗ್ಗದ ಬೀದಿಗೆ
ಪಡುವಣ ಗಾಳಿ ಬೀಸಿದ ದಿನ ಮಾತ್ರ
ಏಳು ಹತ್ತಕ್ಕೆ ಒಂದು ಕೂಗು,
ತೆಳ್ಳಗೆ, ಕಂಡಿಕೆಯಿಂದ ಬಿಚ್ಚಿದ ನೂಲಿನ ಹಾಗೆ.
ಅದು ಕೇಳಿದರೆ ಅಪ್ಪ ಲಾಳಿ ಹಿಡಿಯುತ್ತಿದ್ದ.
ಕೇಳದ ದಿನವೂ ಹಿಡಿಯುತ್ತಿದ್ದ, ಬೈಯುತ್ತ.

ಬೆಟ್ಟಕ್ಕೆ ಹೋಗದವನಲ್ಲ ನಾನು.
ತಿಂಗಳಿಗೊಮ್ಮೆ ಬಿಳಿ ಬಟ್ಟೆಯ ಗಂಟು ಹೊತ್ತು
ಬಸ್ಸಿನಲ್ಲಿ, ಹದಿನಾಲ್ಕು ತಿರುವಿಗೂ
ಒಂದೇ ನಿಂಬೆಹಣ್ಣು ಮೂಸುತ್ತ
ಕೇತಿಯ ಬಡಗರ ಹಟ್ಟಿಗೆ. ಸಂಜೆಗೆ ವಾಪಸು.
ರೈಲು ನೋಡುವವರಿಗೆ, ಬಸ್ಸು ಹೋಗುವವರಿಗೆ
ಎಂಬುದು ನಮ್ಮ ಬೀದಿಯ ಲೆಕ್ಕ.
ಇವತ್ತು ದಾರಿಗೆ ಮರ ಬಿದ್ದು ಬಸ್ಸಿಲ್ಲ.
ಸಾಲಿನಲ್ಲಿ ನಿಂತೆ.
ಟಿಕೆಟ್ಟಿನವನು ಗಂಟನ್ನು ನೋಡಿ, ನನ್ನನ್ನು ನೋಡಿ,
ತೊಡೆಯ ಮೇಲೆ ಇಟ್ಟುಕೋ ಎಂದ, ತಮಿಳಿನಲ್ಲಿ.

ಎಂಜಿನ್ನು ಮುಂದಿಲ್ಲ!
ಮುಂದೆ ಇರುವುದು ಒಬ್ಬ ಮನುಷ್ಯ,
ಜಗಲಿಯಷ್ಟು ಜಾಗದಲ್ಲಿ, ಮಫ್ಲರು ಸುತ್ತಿ,
ಹಸಿರು ಬಾವುಟ, ಕೆಂಪು ಬಾವುಟ.
ಬೆಟ್ಟ ಮೊದಲು ಸಿಗುವುದು ಅವನಿಗೆ.
ಏದುಸಿರೆಲ್ಲ ಹಿಂದೆ, ಕಾಣದ ಕಡೆ;
ಹೆಣ್ಣು ಕೊಟ್ಟ ಮಾವನ ಹಾಗೆ
ನೂಕುತ್ತದೆ, ನೂಕುತ್ತದೆ,
ಆಗಾಗ ಕೂಗಿ ಅದನ್ನು ಹೇಳಿಕೊಳ್ಳುತ್ತದೆ ಕೂಡ.

ಕಲ್ಲಾರು ದಾಟಿದ ಮೇಲೆ ನಡುವೆ ಇನ್ನೊಂದು ಹಳಿ,
ಉದ್ದಕ್ಕೂ ಹಲ್ಲು.
ಹಣಿಗೆ! ನಮ್ಮ ಹಣಿಗೆಯೇ, ಕಬ್ಬಿಣದ್ದು.
ಮಗ್ಗದಲ್ಲಿ ಒಂದು ಹಲ್ಲು ತಪ್ಪಿದರೆ ಅಂಚು ಕೆಡುತ್ತದೆ,
ಇಲ್ಲಿ ತಪ್ಪಿದರೆ?
ಎದುರಿನ ಹುಡುಗಿ ಅದನ್ನೇ ಅಪ್ಪನನ್ನು ಕೇಳಿದಳು.
ಆತ ಚಿಪ್ಸಿನ ಪೊಟ್ಟಣ ಒಡೆದು ಕೊಟ್ಟ.

ಬಂಡೆಯಿಂದ ನೀರು, ನೀರಿನ ಮೇಲೆ ಸೇತುವೆ,
ಕಿಟಕಿಗೊಂದು ಕೈ, ಕೈಗೊಂದು ಫೋನು.
ಹಳಿಯ ಪಕ್ಕ ಬಂಡೆಗೆ ಬೆನ್ನು ಅಂಟಿಸಿ ನಿಂತವನು
ಗ್ರೀಸು ಮೆತ್ತಿದ ಕೈಯಲ್ಲಿ
ನಮ್ಮನ್ನು ಎಣಿಸುತ್ತಿದ್ದ, ಡಬ್ಬಿಗೆ ಒಂದು ಬೆರಳು.

ಆಮೇಲೆ ಸುರಂಗ.
ಕತ್ತಲಾದೊಡನೆ ಎಲ್ಲರೂ ಕೂಗಿದರು,
ಬ್ಯಾಂಕಿನ ಮ್ಯಾನೇಜರಿನಂತಿದ್ದವರೂ.
ನನ್ನದೂ ಇರಲಿ ಎಂದು ಬಾಯಿ ತೆರೆದೆ.
ಬಂದದ್ದು "ಅವ್ವಾ".
ಮನೆಯೊಳಗಿನ ಕನ್ನಡ, ಹೊಸಿಲು ದಾಟಿಸದ್ದು,
ಬರೆಯಲು ನನಗೆ ಬಾರದ್ದು.
ಕತ್ತಲಿನಿಂದ, ತೀರ ಹತ್ತಿರದಿಂದ, ಒಂದು ದನಿ:
"ಏನಪ್ಪಾ?"

ಡಬ್ಬಿಯೇ ನಕ್ಕಿತು.
ಬೆಳಕಿಗೆ ಬಂದು ಕಣ್ಣಿನ ಮಸಿ ಒರೆಸಿ ನೋಡಿದೆ:
ಚಿಪ್ಸಿನ ಅಪ್ಪ, ಹುಡುಗಿ, ಹೊಸ ದಂಪತಿ,
ಕಿಟಕಿಯ ಮೂಲೆಗೆ ಬಿಳಿ ಹೊದ್ದು
ಕಣ್ಣು ಮುಚ್ಚಿದ ಒಬ್ಬ ಬಡಗ ಅಜ್ಜಿ.
ಯಾರೂ ಒಪ್ಪಿಕೊಳ್ಳಲಿಲ್ಲ.

ಹಿಲ್‌ಗ್ರೋವಿನಲ್ಲಿ ಬಂಡಿ ನೀರು ಕುಡಿಯಿತು.
ನನ್ನ ಇಡ್ಲಿ ಕೋತಿಗೆ ಹೋಯಿತು.
ಕೂನೂರಿನಲ್ಲಿ ಎಂಜಿನ್ನು ಬದಲು, ಏದುಸಿರು ಮುಗಿಯಿತು,
ಇನ್ನು ಡೀಸೆಲ್ಲಿನ ಗೊಣಗು.
ಅಲ್ಲಿಂದ ಅಜ್ಜಿಯ ಹೆಗಲನ್ನೇ ನೋಡುತ್ತ ಬಂದೆ.
ಅಂಚಿನ ಒಳಬದಿಗೆ ನಾನೊಂದು ಕೆಂಪು ಎಳೆ ಬಿಡುತ್ತೇನೆ,
ನನ್ನ ಸಹಿ, ಕೊಂಡವರಿಗೂ ಗೊತ್ತಿಲ್ಲ.
ಅವಳು ಬಟ್ಟೆಯನ್ನು ಒಳಕ್ಕೇ ಮಡಿಸಿ ಹೊದ್ದಿದ್ದಳು,
ಬೇಕೆಂದೇ ಎನ್ನುವ ಹಾಗೆ.

ಕೇತಿಯಲ್ಲಿ ಇಳಿದವರು ಇಬ್ಬರೇ.
ಕಣಿವೆ ತುಂಬ ಕ್ಯಾರೆಟ್ಟಿನ ಪಾತಿ, ಕರಗುವ ಮಂಜು.
ಅವಳು ಮುಂದೆ, ಗಂಟು ಹೊತ್ತು ನಾನು ಹಿಂದೆ,
ಕಾಲುದಾರಿ ಕಿರಿದು.
ತಿರುಗದೆಯೇ ಕೇಳಿದಳು, ತನ್ನ ಮಾತಿನಲ್ಲಿ,
ನಮ್ಮ ಮಾತಿನ ಅಕ್ಕನೋ ತಂಗಿಯೋ ಆದ ಮಾತಿನಲ್ಲಿ:
ಗಂಟು ಭಾರವಾ?
"ಇಲ್ಲ, ಅವ್ವಾ."
ಸುರಂಗವಿಲ್ಲದೆ, ಹಗಲಲ್ಲಿ.

ನಾಲ್ಕು ಹೆಜ್ಜೆ ಸುಮ್ಮನಿದ್ದಳು.
ಹಾಗಾದರೆ ಹೋದ ಸಲದ ಹಾಗೆ
ಹೊತ್ತ ಕೂಲಿ ಎಂದು ಮೂವತ್ತು ರೂಪಾಯಿ
ಜಾಸ್ತಿ ಹೇಳಬೇಡ, ಎಂದಳು.