ಒಟ್ಟು ಎಷ್ಟು ಬೀಳುತ್ತಾನೆ

ಬಿಲ್ಲಿನಲ್ಲಿ ಬಿಡಿಭಾಗಗಳೆಲ್ಲ ಮುಗಿದ ಮೇಲೆ ಒಂದು ಸಾಲು:
ಲೇಬರ್, ಎರಡು ತಾಸು, ಸಾವಿರದ ಆರುನೂರು.
ಟೈಪು ಮಾಡುವವಳು ನಾನು.
ತಿಂಗಳ ಏಳಕ್ಕೆ ಪುರ್ಸು ಹರಿಕಂತ್ರನ
ಪಗಾರದ ಚೀಟಿ ತೆಗೆಯುವವಳೂ ನಾನೇ.
ಭಾಗಿಸಿ ನೋಡಿದ್ದೇನೆ: ತಾಸಿಗೆ ಎಪ್ಪತ್ತೆಂಟು.
ಉಳಿದ ಏಳುನೂರಿಪ್ಪತ್ತೆರಡು ಎಲ್ಲಿ ಹೋಗುತ್ತದೆಂದು
ನನಗೆ ಗೊತ್ತು. ಗೊತ್ತಿರುವುದೇ ನನ್ನ ನೌಕರಿ.

ಈ ವಾರ ಹೆಡ್ಡಾಫೀಸಿನಿಂದ ಒಂದು ತಖ್ತೆ ಬಂದಿದೆ.
ಮಡಗಾಂವ, ಹುಬ್ಬಳ್ಳಿ, ಕಾರವಾರ,
ಒಬ್ಬ ಮೆಕ್ಯಾನಿಕ್ಕು ಒಟ್ಟು ಎಷ್ಟು ಬೀಳುತ್ತಾನೆ?
ಬೀಳುತ್ತಾನೆ ಎಂದೇ ಬರೆದಿದ್ದಾರೆ.
ಹೋದ ಜೂನಿನಲ್ಲಿ ಅವನು ಪಿಟ್ಟಿಗೆ ಬಿದ್ದದ್ದು
ಇಎಸ್‌ಐ ಎಂಬ ಬೇರೆ ಮನೆಯಲ್ಲಿದೆ.

ಪಿಎಫ್, ಬೋನಸ್ಸು, ಎರಡು ಜೊತೆ ನೀಲಿ ಅಂಗಿ,
ಕೈ ತೊಳೆಯುವ ಪುಡಿ, ಎರಡು ಹೊತ್ತಿನ ಚಹಾ.
ರೇವಣಕರ ಸಾವಕಾರರು ಬಾಗಿಲಲ್ಲಿ ನಿಂತು ಹೇಳುತ್ತಾರೆ:
ಲಿಫ್ಟಿನ ಕಂತು ಹಾಕು, ಕರೆಂಟು ಹಾಕು,
ಗಾಡಿಯೇ ಬಾರದ ಆಷಾಢದಲ್ಲಿ
ಕೂತು ಕಳೆದ ತಾಸುಗಳನ್ನೂ ಹಾಕು,
ಅದನ್ನೇನು ಸಮುದ್ರ ಕೊಡುತ್ತದೆಯೇ?

ಸುಳ್ಳಲ್ಲ. ಆದರೆ ಸಮುದ್ರವೂ ಕೊಡುತ್ತದೆ.
ಹಗಲೂ ರಾತ್ರಿ ಅದರ ಉಪ್ಪುಗಾಳಿ
ಕೋಡಿಬಾಗದಿಂದ ಬಿಣಗಾದವರೆಗೆ
ಸೈಲೆನ್ಸರು, ಡೋರಿನ ಅಂಚು, ಬ್ರೇಕಿನ ಕೊಳವೆ
ಮೆಲ್ಲಗೆ ತಿಂದು ನಮ್ಮ ಶೆಡ್ಡಿಗೆ ಕಳಿಸುತ್ತದೆ.
ಅದಕ್ಕೆ ಪಗಾರಿಲ್ಲ. ತಖ್ತೆಯಲ್ಲಿ ಮನೆಯೂ ಇಲ್ಲ.

ಗೋವಾ ನಂಬರಿನ ಗಾಡಿಗಳು
ಮಾಜಾಳಿ ಗೇಟು ದಾಟಿ ಈಚೆ ಬರುತ್ತವೆ,
ಇಲ್ಲಿ ಕೈ ಅಗ್ಗವೆಂದು.
ನಮ್ಮ ಕೈಗಳು ಬೆಳಗಿನ ಪ್ಯಾಸೆಂಜರು ಹತ್ತಿ ಆಚೆ ಹೋಗುತ್ತವೆ,
ಅಲ್ಲಿ ತುಟ್ಟಿಯೆಂದು.
ಬಸ್ತ್ಯಾಂವ ಹೋದ, ಉಲ್ಲಾಸ ಹೋದ.
ಪುರ್ಸು ಹೋಗಲಿಲ್ಲ.
ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗಿಟ್ಟು
ಓಡುವ ಎಂಜಿನ್ನಿನ ಎದೆ ಕೇಳಿ
ನಾಲ್ಕು ನಿಮಿಷದಲ್ಲಿ ರೋಗ ಹೇಳುತ್ತಾನೆ,
ನಾನು ಎರಡು ತಾಸು ಎಂದು ಟೈಪು ಮಾಡುತ್ತೇನೆ.

ಕೊನೆಯ ಮನೆ: ಆಡಳಿತ ವೆಚ್ಚ.
ಅಲ್ಲಿ ಕೂತವಳು ನಾನು.
ಆರು ಜನರ ತಲೆಗೆ ಹಂಚಿದರೆ ಪುರ್ಸುವಿನ ಪಾಲಿಗೆ
ತಾಸಿಗೆ ಹನ್ನೊಂದು ರೂಪಾಯಿ ನಾಲ್ವತ್ತು ಪೈಸೆ.
ಇಷ್ಟು ವರ್ಷ ಅವನ ಹೆಗಲ ಮೇಲೆಯೇ ಕೂತು
ಅವನ ಪಗಾರ ಎಣಿಸುತ್ತಿದ್ದೆ.

ಸಂಜೆ ಚಾವಿ ಕೊಡಲು ಬಂದವನು ಪರದೆಯತ್ತ ಬಗ್ಗಿದ.
ಇದರಲ್ಲಿ ನಂದು ಯಾವ್ದು?
ತೋರಿಸಿದೆ. ಮೂವತ್ತೊಂದು ಸಾವಿರದ ನಾನೂರು.
ಗ್ರೀಸಿನ ಬೆರಳಿಟ್ಟು ಎರಡು ಸಲ ಓದಿದ.
"ನಾ ಇಷ್ಟ್ ಬೀಳ್ತೆನಾ ಬಾಯಿ!"
ಹಿಗ್ಗೋ ಗಾಬರಿಯೋ, ತಿಳಿಯಲಿಲ್ಲ.
ಮೆಟ್ಟಿಲಿಳಿದವನು ಮತ್ತೆ ತಿರುಗಿ ಬಂದ:
"ಮನೀಲಿ ಮಾತ್ರ ಹೇಳ್ಬೇಡಿ.
ಉಳಿದದ್ದು ಯಾರಿಗೆ ಕೊಟ್ಟೆ ಅಂತ ಕೇಳ್ತಾಳೆ."