ಎರಡೇ ಖಾನೆ

ತಾರ್ತುವಿನಲ್ಲಿ ಡಿಸೆಂಬರಿಗೆ ಮೂರೂವರೆಗೇ ಕತ್ತಲು.
ಎಮಾಯೊಗಿ ನದಿ ಅರ್ಧ ಹೆಪ್ಪು, ಅರ್ಧ ಗೊಣಗಾಟ.
ನೆಲಮಾಳಿಗೆಯಲ್ಲಿ ಕೂತು
ಹಕ್ಕಿಯ ಮಿದುಳಿನ ಹಾಳೆಗಳನ್ನು ಗಾಜಿಗೆ ಹಾಸುತ್ತೇನೆ:
ಈರುಳ್ಳಿ ಪೊರೆಗಿಂತ ತೆಳು,
ಉಸಿರು ಜೋರಾದರೆ ಮಡಚಿಕೊಳ್ಳುತ್ತವೆ.

ಹುಡುಕುವುದು ಒಂದು ಕಿಣ್ವವನ್ನು, ಕ್ಯಾಸ್ಪೇಸ್ ಮೂರು.
ನಾನು ಓದಿದ ಪುಸ್ತಕದಲ್ಲಿ ಅದಕ್ಕೆ ಒಂದೇ ಕಸುಬು:
ಹುಕುಂ ಬಂದೊಡನೆ ಕಂಬ, ತೊಲೆ, ಜಂತಿ ಕತ್ತರಿಸಿ
ಜೀವಕೋಶವನ್ನು ಒಳಗಿನಿಂದಲೇ ಕೆಡವುವುದು.
ಹಸಿರು ಹೊಳೆಯಿತೆ? ಬರೆದುಕೋ: ಸತ್ತಿತು.
ಹದಿನೇಳು ವರ್ಷ ಹಾಗೇ ಬರೆದೆ.

ಈ ಹಕ್ಕಿ ನಿನ್ನೆ ಕಾಳು ಬಿಟ್ಟು, ಕತ್ತು ವಾರೆ ಮಾಡಿ
ಯಾರದೋ ಹೊಸ ಹಾಡು ಕೇಳಿತು.
ಹತ್ತು ನಿಮಿಷ.
ಆಮೇಲೆ ನನ್ನ ಕೈ.

ಈಗ ಹಸಿರು, ಕವಲುಗಳ ತುತ್ತತುದಿಯಲ್ಲಿ,
ನರ ನರಕ್ಕೆ ಪಿಸುಗುಡುವ ಜಾಗದಲ್ಲಿ.
ಕೋಶಗಳೋ ದುಂಡಗೆ, ಇಡಿಯಾಗಿ, ಏನೂ ಆಗದಂತೆ.
ಮತ್ತೆ ಎಣಿಸಿದೆ. ಯಾರೂ ಸತ್ತಿಲ್ಲ,
ಹಕ್ಕಿಯೊಂದನ್ನು ಬಿಟ್ಟರೆ.

ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಅನ್ನುತ್ತಾರೆ.
ಇಲ್ಲಿ ಕೊಡಲಿಗೇ ಉಗುರು ಬಂದಿದೆ.
ಒಂದು ಎಳೆ ಚಿವುಟಿ, ಒಂದು ಗಂಟು ಸಡಿಲಿಸಿ
ಮತ್ತೆ ತನ್ನ ಒರೆಗೆ.
ಅದನ್ನು ಕಟ್ಟಿಹಾಕಿದ ಹಕ್ಕಿಗಳಿವೆ, ಮೇಲಿನ ಮಹಡಿಯಲ್ಲಿ:
ನಿನ್ನೆಯ ಹಾಡಿಗೆ ಇವತ್ತೂ
ಅದೇ ಬೆರಗಿನಿಂದ ಕತ್ತು ವಾರೆ ಮಾಡುತ್ತವೆ.

ನನ್ನಜ್ಜ ಎಲ್ಮಾರ್ ವೋರು ಸೀಮೆಯಲ್ಲಿ ಹಂದಿ ಕಡಿಯುವವನು.
ಅವನ ಬೂಟಿನ ಸದ್ದಿಗೆ ನಾಯಿಗಳು ಮೆಟ್ಟಿಲ ಕೆಳಗೆ ನುಸುಳುತ್ತಿದ್ದವು.
ನನಗೆ ಆರು ವರ್ಷ. ಜಡೆಗೆ ದೋಣಿಯ ಟಾರು ಮೆತ್ತಿಕೊಂಡಿತ್ತು.
ಅಮ್ಮ ಬೋಳಿಸಬೇಕೆಂದಳು.
ಅಜ್ಜ ಮಾತಾಡದೆ ಸ್ಟೂಲಿನ ಮೇಲೆ ಕೂರಿಸಿದ.
ಅದೇ ಚೂರಿ,
ನನ್ನ ಹೆಕ್ಕತ್ತಿಗೆ ತಣ್ಣಗೆ ತಾಗಿತು.
ಒಂದು ಕೂದಲು. ಇನ್ನೊಂದು.
ಮೂಗಿನಲ್ಲೇ ಏನೋ ಗುನುಗುತ್ತಿದ್ದ.
ನಾನು ಅಲುಗಲಿಲ್ಲ. ಹಂದಿಗಳೂ
ಹೀಗೇ ನಿಲ್ಲುತ್ತವೇನೋ ಅಂದುಕೊಂಡದ್ದು ನೆನಪಿದೆ.
ಜಡೆ ಉಳಿಯಿತು.

ಆ ರಾಗ ಹಾಡಿ ತೋರಿಸೆಂದರೆ ಬಾರದು.
ಎಲ್ಲಾದರೂ ಕೇಳಿದರೆ ಮಾತ್ರ
ಹೆಕ್ಕತ್ತು ತಣ್ಣಗಾದೀತು.
ಯಾವ ಎಳೆ ಕತ್ತರಿಸಿ ಅದನ್ನು ಉಳಿಸಿಕೊಂಡೆನೋ.

ಫಾರಂ ಮುಂದಿದೆ. ಎರಡೇ ಖಾನೆ:
ಬದುಕಿದೆ, ಸತ್ತಿದೆ.
ಮೇಲೆ ಯಾರೋ ದೀಪ ಆರಿಸುತ್ತಿದ್ದಾರೆ,
ಪಂಜರಗಳು ಒಂದೊಂದೇ ಸುಮ್ಮನಾಗುತ್ತಿವೆ.
ಪೆನ್ಸಿಲಿನಲ್ಲಿ, ಅಂಚಿನಲ್ಲಿ,
ನಾಳೆ ಬೇಕಾದರೆ ಅಳಿಸಬಹುದಾದಷ್ಟು ತೆಳುವಾಗಿ
ಬರೆದೆ: ಕೇಳಿತ್ತು.